ಕಥೆ ಹೇಳಿ ಕೇಳುವವರ ಮನಸ್ಸು ಗೆಲ್ಲುವುದು ಹೇಗೆ? ಮಾತನಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಒಂದೇ ವಿಷಯದ ಮೇಲೆ ಇಬ್ಬರು ಮಾತನಾಡುತ್ತಾರೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ವಿಷಯ ಚೆನ್ನಾಗಿ ಗೊತ್ತು. ಇಬ್ಬರ ಭಾಷೆಯೂ ಚೆನ್ನಾಗಿದೆ. ಒಬ್ಬರು ಮಾತು ಶುರು ಮಾಡಿ ಐದು ನಿಮಿಷವಾಗುವಷ್ಟರಲ್ಲಿ ಜನ ಮೊಬೈಲ್ ತೆಗೆಯುತ್ತಾರೆ. ಇನ್ನೊಬ್ಬರು ಮುಗಿಸಿ ಕೂತರೂ 'ಇನ್ನೂ ಸ್ವಲ್ಪ ಹೇಳಬಾರದಿತ್ತಾ' ಅನ್ನಿಸುತ್ತದೆ.

ಇದೆಲ್ಲ ಹುಟ್ಟಿನಿಂದ ಬಂದ ವರ ಎಂದು ಬಹಳ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲನೆಯವರ ಗಮನವೆಲ್ಲ ತಮ್ಮ ಮೇಲೇ ಇರುತ್ತದೆ. ನಾನು ಹೇಗೆ ಕಾಣುತ್ತಿದ್ದೇನೆ, ಮುಂದಿನ ಸಾಲು ಯಾವುದು, ನನಗೆಷ್ಟು ಗೊತ್ತು ಅಂತ ಇವರಿಗೆ ತಿಳಿಯಿತಾ ಎಂಬುದೇ ಅವರ ಯೋಚನೆ. ಎರಡನೆಯವರ ಗಮನ ಎದುರು ಕೂತವರ ಮೇಲಿರುತ್ತದೆ. ಒಳ್ಳೆಯ ಕಥೆ ಹುಟ್ಟುವುದು ಅಲ್ಲಿಂದ. ಮಾತನಾಡುವವರು ಇಷ್ಟವಾಗುವುದೂ ಅಲ್ಲಿಂದಲೇ. ಸೆಮಿನಾರ್ ಇರಲಿ, ಆಫೀಸಿನ ಪ್ರೆಸೆಂಟೇಷನ್ ಇರಲಿ, ಸಂಘದ ಸಭೆಯಾಗಲಿ, ವಿಡಿಯೊ ಆಗಲಿ, ಇದು ಎಲ್ಲ ಕಡೆಗೂ ಸಲ್ಲುವ ಮಾತು. ಈ ಗಮನವನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು. ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಮೊದಲಿಗೆ, ಕಥೆಯೇ ಏಕೆ ಬೇಕು?

'ನನ್ನದು ಗಂಭೀರ ವಿಷಯ, ಕಥೆಗಿಥೆ ಬೇಡ' ಎನ್ನುವವರು ಇದನ್ನು ಓದಲೇಬೇಕು. 1969ರಲ್ಲಿ ಮನಶ್ಶಾಸ್ತ್ರಜ್ಞರಾದ ಗೋರ್ಡನ್ ಬೋವರ್ ಮತ್ತು ಕ್ಲಾರ್ಕ್ ಒಂದು ಪ್ರಯೋಗ ಮಾಡಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ 10 ಪದಗಳ ಪಟ್ಟಿ. ಅಂಥ 12 ಪಟ್ಟಿಗಳು. ಒಂದು ಗುಂಪಿನವರಿಗೆ ಪ್ರತಿ ಪಟ್ಟಿಯ ಪದಗಳನ್ನು ಪೋಣಿಸಿ ಒಂದು ಪುಟ್ಟ ಕಥೆ ಕಟ್ಟಿಕೊಳ್ಳಲು ಹೇಳಿದರು. ಇನ್ನೊಂದು ಗುಂಪಿನವರಿಗೆ ಅಷ್ಟೇ ಸಮಯ ಕೊಟ್ಟು ಸುಮ್ನೆ ಕಲಿಯಲು ಹೇಳಿದರು. ಆಗಿಂದಾಗ ಕೇಳಿದಾಗ ಎರಡೂ ಗುಂಪಿನವರು ಚೆನ್ನಾಗಿಯೇ ಹೇಳಿದರು. ಎಲ್ಲ ಪಟ್ಟಿಗಳೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ಕೇಳಿದಾಗ ಕಥೆ ಕಟ್ಟಿದವರಿಗೆ ಶೇಕಡಾ 93ರಷ್ಟು ಪದಗಳು ನೆನಪಿದ್ದವು. ಉಳಿದವರಿಗೆ ಶೇಕಡಾ 13.

ಈ ವ್ಯತ್ಯಾಸ ಗಮನಿಸಿ. ಮಾತು ಮುಗಿದ ತಕ್ಷಣ ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ. ಮನೆಗೆ ಹೋದ ಮೇಲೆ ಏನು ಉಳಿಯುತ್ತದೆ ಅನ್ನುವುದೇ ಪ್ರಶ್ನೆ. ಅಂಕಿಅಂಶವನ್ನೂ ವಾದವನ್ನೂ ಬಿಡಬೇಕಿಲ್ಲ. ಅವು ನೇತಾಡಿಕೊಂಡಿರಲು ಒಂದು ಗೂಟ ಬೇಕು. ಆ ಗೂಟ ಕಥೆ.

ಹಂತ 1: ಎದುರಿಗೆ ಯಾರಿದ್ದಾರೆ ಅಂತ ತಿಳಿದುಕೊಳ್ಳಿ

ನಮಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ ಎಂಬುದನ್ನು ಊಹಿಸಿಕೊಳ್ಳುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ಇದನ್ನು ಬಹಳ ಸರಳವಾಗಿ ತೋರಿಸಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು. ಕೇಳುವವರು ಯಾವ ಹಾಡು ಅಂತ ಹೇಳಬೇಕು. ತಟ್ಟುವವರಿಗೆ ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂಬ ನಂಬಿಕೆ. 120 ಹಾಡು ತಟ್ಟಿದರು. ಗುರುತು ಸಿಕ್ಕಿದ್ದು ಮೂರಕ್ಕೆ ಮಾತ್ರ. ತಟ್ಟುವವರ ತಲೆಯೊಳಗೆ ಇಡೀ ಹಾಡು ಮೊಳಗುತ್ತಿತ್ತು. ಎದುರಿನವರಿಗೆ ಕೇಳಿಸಿದ್ದು ಬರೀ ಟಕ್ ಟಕ್ ಸದ್ದು.

ವಿಷಯ ಅರೆದು ಕುಡಿದವರು ಮಾತನಾಡುವಾಗಲೂ ಆಗುವುದು ಇದೇ. ಹಾಗಾಗಿ ಕಥೆ ಹುಡುಕುವ ಮೊದಲು ಸಂಘಟಕರಿಗೆ ಒಂದು ಫೋನ್ ಮಾಡಿ. ಬರುವವರು ಯಾರು? ತಾವಾಗಿ ಬರುತ್ತಾರಾ, ಇಲ್ಲ ಬರಲೇಬೇಕು ಎಂದು ಬರುತ್ತಾರಾ? ಈ ವಿಷಯದ ಬಗ್ಗೆ ಈಗಾಗಲೇ ಏನೇನು ಕೇಳಿದ್ದಾರೆ? ನನಗಿಂತ ಮೊದಲು ಯಾರು ಮಾತನಾಡುತ್ತಾರೆ, ಎಷ್ಟು ಹೊತ್ತು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎರಡು ಗಂಟೆ ಕೂತು ಸುಸ್ತಾದವರ ಮುಂದೆ ಹೇಳುವ ಕಥೆಯೇ ಬೇರೆ, ಬೆಳಗ್ಗೆ ಮೊದಲ ಭಾಷಣದಲ್ಲಿ ಹೇಳುವ ಕಥೆಯೇ ಬೇರೆ.

ಬಲವಂತಕ್ಕೆ ಬಂದವರೇ ಜಾಸ್ತಿ ಇದ್ದರೆ ಕಥೆ ಬೇಗ ಶುರುವಾಗಬೇಕು. ತಾವಾಗಿ ಬಂದವರು ನಿಮಗೆ ಸ್ವಲ್ಪ ಸಮಯ ಕೊಡುತ್ತಾರೆ.

ಹಂತ 2: ಒಂದೇ ಒಂದು ಸಾಲು ಬರೆಯಿರಿ

'ನನ್ನ ಮಾತು ಕೇಳಿದ ಮೇಲೆ ಇವರು ಇದನ್ನು ಮಾಡಬೇಕು' ಅಂತ ಒಂದು ಸಾಲು. ಎರಡಲ್ಲ. 'ಜಾಗೃತಿ ಮೂಡಬೇಕು' ಎಂದು ಬರೆದರೆ ಆ ಹಾಳೆ ಹರಿದು ಹಾಕಿ, ಮತ್ತೆ ಬರೆಯಿರಿ. ಜಾಗೃತಿ ಮೂಡಿದವರು ನಾಳೆ ಬೆಳಗ್ಗೆ ಏನು ಮಾಡುತ್ತಾರೆ? ಅದನ್ನು ಬರೆಯಿರಿ. ಈ ಸಾಲಿಗೆ ಸೇರದ ಕಥೆ ಎಷ್ಟೇ ಚಂದವಿರಲಿ, ಈ ಸಭೆಗೆ ಬೇಡ. ಇನ್ನೊಂದು ಸಭೆಗೆ ಇಟ್ಟುಕೊಳ್ಳಿ.

ಹಂತ 3: ಕಥೆ ಹುಡುಕಿ

ನಮ್ಮ ಮನಸ್ಸು ಕಥೆಗಾಗಿ ಕಾದು ಕೂತಿರುತ್ತದೆ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಸಂಶೋಧಕರು ಒಂದು ಪುಟ್ಟ ಚಲನಚಿತ್ರ ತಯಾರಿಸಿದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಒಂದು ಪೆಟ್ಟಿಗೆಯಂಥ ಆಯತ. ತ್ರಿಕೋನಗಳೂ ವೃತ್ತವೂ ಅತ್ತಿತ್ತ ಓಡಾಡುತ್ತವೆ, ಅಷ್ಟೇ. ನೋಡಿದವರಿಗೆ ಕಂಡದ್ದೇ ಬೇರೆ. ದೊಡ್ಡ ತ್ರಿಕೋನ ಜಗಳಗಂಟ, ವೃತ್ತ ಹೆದರಿದೆ, ಚಿಕ್ಕ ತ್ರಿಕೋನ ಅದನ್ನು ಕಾಪಾಡಲು ನೋಡುತ್ತಿದೆ ಎಂಬಂಥ ವಿವರಣೆಗಳು ಬಂದವು. ಬರೀ ಆಕಾರಗಳಿಗೇ ಜನ ಇಷ್ಟು ಜೀವ ತುಂಬುತ್ತಾರೆ. ನೀವು ಒಬ್ಬ ಮನುಷ್ಯನನ್ನು ತೋರಿಸಿದರೆ ಸಾಕು, ಉಳಿದದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ.

ಹಾಗಾದರೆ ಕಥೆ ಎಂದರೇನು? ಯಾರಿಗೋ ಏನೋ ಬೇಕಾಗಿದೆ. ಅದಕ್ಕೆ ಏನೋ ಅಡ್ಡ ಬಂದಿದೆ. ಕೊನೆಗೆ ಏನೋ ಬದಲಾಗುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ವರದಿಯಾಗುತ್ತದೆ. 'ನಮ್ಮ ಸಂಸ್ಥೆ ಶುರುವಾಯಿತು, ಆಮೇಲೆ ಶಾಖೆ ತೆರೆದೆವು, ಆಮೇಲೆ ಪ್ರಶಸ್ತಿ ಬಂತು' ಎನ್ನುವುದು ಕಥೆಯಲ್ಲ. ಅಲ್ಲಿ ಅಡ್ಡಿಯೇ ಇಲ್ಲ. ಕೇಳುವವರಿಗೆ ಮುಂದೇನಾಯಿತು ಎಂಬ ಕುತೂಹಲ ಹುಟ್ಟಲು ಜಾಗವೇ ಇಲ್ಲ.

ಎಲ್ಲಿ ಹುಡುಕಬೇಕು? ನಿಮ್ಮ ಕೆಲಸದಲ್ಲಿ ನಿಮ್ಮ ಅಭಿಪ್ರಾಯ ಬದಲಾದ ಗಳಿಗೆಗಳನ್ನು ನೆನಪಿಸಿಕೊಳ್ಳಿ. ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯದೆ ಸುಮ್ಮನಾದದ್ದು, ಆಗುವುದೇ ಇಲ್ಲ ಅಂದುಕೊಂಡದ್ದು ಆಗಿಬಿಟ್ಟದ್ದು, ಒಂದು ಸಣ್ಣ ಕೆಲಸ ಬಿಟ್ಟುಹೋಗಿ ದೊಡ್ಡ ತೊಂದರೆಯಾದದ್ದು. ಒಂದು ನೋಟ್‌ಬುಕ್ ಇಟ್ಟುಕೊಂಡು ಇಂಥವನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ. ದೊಡ್ಡ ಘಟನೆಯೇ ಬೇಕು ಅಂತೇನಿಲ್ಲ. ಸಣ್ಣ ಘಟನೆಯಲ್ಲಿ ಕೇಳುವವರು ತಮ್ಮನ್ನು ತಾವು ಸುಲಭವಾಗಿ ಕಾಣುತ್ತಾರೆ.

ಇಲ್ಲಿ ಎರಡು ಮಾತು ಖಡಾಖಂಡಿತವಾಗಿ ಹೇಳಬೇಕು. ಮೊದಲನೆಯದು, ನಡೆಯದ್ದನ್ನು ನಡೆದದ್ದು ಎಂದು ಹೇಳಬೇಡಿ. ಊಹೆಯ ಸನ್ನಿವೇಶ ಬೇಕಾದರೆ 'ಹೀಗೆ ಅಂದುಕೊಳ್ಳಿ' ಎಂದೇ ಶುರು ಮಾಡಿ. ಕಥೆಯ ಬಲ ಅದರಿಂದ ಕಡಿಮೆಯಾಗುವುದಿಲ್ಲ. ಸುಳ್ಳು ಹೊರಬಿದ್ದರೆ ಮಾತ್ರ ನೀವು ಹೇಳಿದ ನಿಜವೂ ಅದರ ಜೊತೆ ಹೋಗುತ್ತದೆ. ಎರಡನೆಯದು, ಬೇರೆಯವರ ಕಷ್ಟ ನಿಮ್ಮ ಸೊತ್ತಲ್ಲ. ಅವರನ್ನು ಕೇಳಿ, ಒಪ್ಪಿದರೆ ಮಾತ್ರ ಹೇಳಿ. ಅವರು ಅದೇ ಸಭೆಯ ಮೊದಲ ಸಾಲಿನಲ್ಲಿ ಕೂತಿದ್ದರೂ ಮುಜುಗರವಾಗದಂತೆ ಹೇಳಿ.

ಹಂತ 4: ಕಥೆ ಕಟ್ಟಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹಾಗಾಗಿ ಒಂದು ಉದಾಹರಣೆ ಇಟ್ಟುಕೊಂಡು ನಿಧಾನವಾಗಿ ನೋಡೋಣ. ಕಣ್ಣು ಕಾಣದ ವಿದ್ಯಾರ್ಥಿಗಳ ಪರವಾಗಿ ಪರೀಕ್ಷೆ ಬರೆದುಕೊಡಲು ಸ್ವಯಂಸೇವಕರು ಬೇಕು. ನೀವು ಒಂದು ಸಭೆಯಲ್ಲಿ ಅದನ್ನು ಕೇಳಬೇಕು. ಸಾಮಾನ್ಯವಾಗಿ ನಾವು ಹೇಳುವುದು ಹೀಗೆ:

'ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಪರೀಕ್ಷಾ ಸಮಯದಲ್ಲಿ ಅನೇಕ ಸಮಸ್ಯೆಗಳನ್ನು ಎದುರಿಸುತ್ತಿದ್ದಾರೆ. ಈ ನಿಟ್ಟಿನಲ್ಲಿ ಸಮಾಜದ ಪ್ರತಿಯೊಬ್ಬರೂ ಕೈಜೋಡಿಸಬೇಕಾದ ಅಗತ್ಯವಿದೆ.'

ಇದರಲ್ಲಿ ತಪ್ಪೇನೂ ಇಲ್ಲ. ಕಣ್ಣ ಮುಂದೆ ಏನೂ ಬರುವುದೂ ಇಲ್ಲ. ಈಗ ಇದನ್ನೇ ಊಹೆಯ ಸನ್ನಿವೇಶವಾಗಿ ಹೀಗೆ ಹೇಳಿ ನೋಡಿ:

'ಹೀಗೆ ಅಂದುಕೊಳ್ಳಿ. ಪರೀಕ್ಷೆ ಹತ್ತು ಗಂಟೆಗೆ. ಇನ್ನು ಐದು ನಿಮಿಷ ಇದೆ. ಹಾಲ್‌ನ ಹೊರಗೆ ಬೆಂಚಿನ ಮೇಲೆ ಒಬ್ಬ ಹುಡುಗಿ ಕೂತಿದ್ದಾಳೆ. ಅವಳಿಗೆ ಇಡೀ ಪುಸ್ತಕ ಬಾಯಿಪಾಠ. ಕಣ್ಣು ಕಾಣುವುದಿಲ್ಲ. ಬಂದು ಬರೆದುಕೊಡುತ್ತೇನೆ ಎಂದಿದ್ದವರು ಫೋನ್ ಎತ್ತುತ್ತಿಲ್ಲ. ಗಂಟೆ ಹೊಡೆಯಿತು. ಸುತ್ತ ಕೇಳುತ್ತಿದ್ದ ಹೆಜ್ಜೆ ಸದ್ದೆಲ್ಲ ಒಳಗೆ ಹೋಯಿತು. ಬಾಗಿಲು ಹಾಕಿದ ಸದ್ದು ಕೇಳಿತು. ಅವಳು ಮತ್ತೊಮ್ಮೆ ಅದೇ ನಂಬರ್ ಒತ್ತಿದಳು.'

ಏನೇನು ಬದಲಾಯಿತು ನೋಡಿ. 'ವಿದ್ಯಾರ್ಥಿಗಳು' ಹೋಗಿ ಒಬ್ಬಳೇ ಹುಡುಗಿ ಬಂದಳು. 'ಪರೀಕ್ಷಾ ಸಮಯ' ಹೋಗಿ ಹತ್ತಕ್ಕೆ ಐದು ನಿಮಿಷ ಬಂತು. 'ಅನೇಕ ಸಮಸ್ಯೆಗಳು' ಹೋಗಿ ಎತ್ತದ ಒಂದು ಫೋನ್ ಬಂತು. ಅವಳಿಗೆ ಬೇಕಾದದ್ದೇನು, ಅಡ್ಡಿಯೇನು ಎಂಬುದು ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಯಿತು. ಗಡಿಯಾರ ಓಡುತ್ತಿರುವುದರಿಂದ ಒತ್ತಡ ತಾನಾಗಿ ಹುಟ್ಟಿತು.

ಇನ್ನೂ ಒಂದು ಸೂಕ್ಷ್ಮ ಇದೆ. ಸುತ್ತ ನಡೆಯುವುದನ್ನು ಅವಳು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯುತ್ತಾಳೆ. ಹಾಗಾಗಿ ಹೆಜ್ಜೆ ಸದ್ದು, ಗಂಟೆ, ಬಾಗಿಲ ಸದ್ದನ್ನು ಆರಿಸಿಕೊಂಡದ್ದು. ಕೇಳುವವರು ಅವಳನ್ನು ದೂರದಿಂದ ನೋಡದೆ ಅವಳ ಪಕ್ಕದಲ್ಲೇ ಕೂತಂತಾಗುತ್ತದೆ. ಕಥೆ ಕಟ್ಟುವಾಗ ಯಾವಾಗಲೂ ಇದನ್ನು ಕೇಳಿಕೊಳ್ಳಿ: ಇಲ್ಲಿರುವ ಮನುಷ್ಯನಿಗೆ ಈ ಗಳಿಗೆಯಲ್ಲಿ ಏನು ಕಾಣುತ್ತಿದೆ, ಏನು ಕೇಳುತ್ತಿದೆ? ಅಂಥ ಒಂದೆರಡು ವಿವರ ಸಾಕು. ಬೆಂಚಿನ ಬಣ್ಣ, ಗೋಡೆಯ ಬಣ್ಣ, ಹುಡುಗಿಯ ಉಡುಪು ಇವೆಲ್ಲ ಸೇರಿದರೆ ಕಥೆ ಭಾರವಾಗುತ್ತದೆ.

'ಪಾಪ', 'ಮನಕಲಕುವ', 'ದಯನೀಯ' ಎಂಬ ಪದ ಒಂದೂ ಇಲ್ಲದಿರುವುದನ್ನೂ ಗಮನಿಸಿದಿರಾ? ಹೇಗನ್ನಿಸಬೇಕು ಅಂತ ನೀವು ಹೇಳಿಬಿಟ್ಟರೆ ಕೇಳುವವರಿಗೆ ಅನ್ನಿಸುವುದು ನಿಂತುಹೋಗುತ್ತದೆ. ನಡೆದದ್ದನ್ನು ಮಾತ್ರ ಹೇಳಿ. 'ಇಡೀ ಪುಸ್ತಕ ಬಾಯಿಪಾಠ' ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದು. ಆ ಒಂದು ಸಾಲಿನಿಂದ ಅವಳು ಕರುಣೆಗೆ ಕಾದವಳಾಗಿ ಉಳಿಯುವುದಿಲ್ಲ. ಓದಿ ತಯಾರಾದವಳಾಗುತ್ತಾಳೆ. ಕಥೆಯಲ್ಲಿ ಬರುವವರ ಮರ್ಯಾದೆ ಕಾಪಾಡುವುದು ಹೇಳುವವರ ಕೆಲಸ.

ಈಗ ಮುಗಿಸುವುದು. 'ಇಪ್ಪತ್ತೈದು ನಿಮಿಷ ತಡವಾಗಿ ಬೇರೆಯೊಬ್ಬರು ಸಿಕ್ಕರು. ಚೆನ್ನಾಗಿ ಗೊತ್ತಿದ್ದ ಎರಡು ಉತ್ತರ ಬರೆಸಲು ಸಮಯ ಸಾಲಲಿಲ್ಲ.' ಇಷ್ಟು ಹೇಳಿ ಒಂದು ಉಸಿರು ತೆಗೆದುಕೊಳ್ಳಿ. ಆಮೇಲೆ ಹಂತ 2ರಲ್ಲಿ ಬರೆದ ಸಾಲಿಗೆ ಬನ್ನಿ: 'ಮುಂದಿನ ತಿಂಗಳ ಪರೀಕ್ಷೆಗೆ ಹನ್ನೆರಡು ಜನ ಬೇಕು. ಮೂರು ಗಂಟೆಯ ಕೆಲಸ. ಹೆಸರು ಬರೆಯುವ ಹಾಳೆ ಬಾಗಿಲ ಬಳಿ ಇದೆ.' ಕಥೆಗೂ ಕೋರಿಕೆಗೂ ನಡುವೆ 'ಈ ಕಥೆಯಿಂದ ನಾವು ತಿಳಿಯಬೇಕಾದದ್ದೇನೆಂದರೆ' ಎಂಬ ಸಾಲು ಬೇಡವೇ ಬೇಡ. ಅವರಿಗೆ ತಿಳಿದಿರುತ್ತದೆ.

ಇಡೀ ಕಥೆ ಒಂದೂವರೆ ನಿಮಿಷ ಮೀರುವುದಿಲ್ಲ. ಹತ್ತು ನಿಮಿಷದ ಭಾಷಣಕ್ಕೆ ಇಂಥ ಒಂದು ಕಥೆ ಸಾಕು. ಅರ್ಧ ಗಂಟೆ ಇದ್ದರೆ ಎರಡೋ ಮೂರೋ. ಒಂದರ ಹಿಂದೊಂದು ಕಥೆ ಹೇಳುತ್ತಾ ಹೋದರೆ ಒಂದರ ಬಿಸಿ ಇನ್ನೊಂದು ಆರಿಸುತ್ತದೆ.

ಹಂತ 5: ಅಂಕಿಅಂಶಗಳನ್ನು ಎಲ್ಲಿಡಬೇಕು?

ಇಲ್ಲಿ ಬಹಳ ಜನ ಎಡವುತ್ತಾರೆ. 'ಕಥೆಯ ಜೊತೆ ಅಂಕಿಯೂ ಇದ್ದರೆ ಎರಡು ಪಟ್ಟು ಪರಿಣಾಮ' ಎಂಬ ಲೆಕ್ಕಾಚಾರ ಅವರದ್ದು. 2007ರಲ್ಲಿ ಪ್ರಕಟವಾದ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅವರ ಅಧ್ಯಯನ ಬೇರೆಯದೇ ಹೇಳುತ್ತದೆ. ಭಾಗವಹಿಸಿದವರಿಗೆ ಒಂದು ಸಮೀಕ್ಷೆ ತುಂಬಿಕೊಟ್ಟದ್ದಕ್ಕೆ ಐದು ಡಾಲರ್ ಕೊಟ್ಟಿದ್ದರು. ಅದರಲ್ಲಿ ಎಷ್ಟು ದಾನ ಮಾಡುತ್ತೀರಿ ಅಂತ ಕೇಳಿದರು. ಕೆಲವರಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಬಗ್ಗೆ ಹೇಳಿದರು. ಕೆಲವರಿಗೆ ಆಫ್ರಿಕಾದಲ್ಲಿ ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಕೊಟ್ಟರು. ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಹುಡುಗಿಯ ಬಗ್ಗೆ ಮಾತ್ರ ಕೇಳಿದವರು ಎಲ್ಲರಿಗಿಂತ ಜಾಸ್ತಿ ಕೊಟ್ಟರು. ಬರೀ ಅಂಕಿಅಂಶ ಓದಿದವರು ಅದರ ಅರ್ಧದಷ್ಟು ಕೊಟ್ಟರು. ಎರಡನ್ನೂ ಓದಿದವರು ಹುಡುಗಿಯ ಕಥೆ ಮಾತ್ರ ಕೇಳಿದವರಿಗಿಂತ ಎಷ್ಟೋ ಕಡಿಮೆ ಕೊಟ್ಟರು.

ದೊಡ್ಡ ಸಂಖ್ಯೆ ಬಂದ ಕೂಡಲೇ ಮನಸ್ಸು ಲೆಕ್ಕಕ್ಕೆ ಇಳಿಯುತ್ತದೆ. ಆಗ ಮುಂದಿದ್ದ ಮನುಷ್ಯ ಮರೆಯಾಗುತ್ತಾನೆ. ಹಾಗಂತ ಅಂಕಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಒಬ್ಬರ ಕಥೆಯನ್ನು ಎಲ್ಲರ ಕಥೆ ಎಂದು ನಂಬಿಸುವುದು ಪ್ರಾಮಾಣಿಕತೆಯಲ್ಲ. ಅದು ಎಷ್ಟು ಜನರಿಗೆ ಆಗುತ್ತದೆ ಎಂದು ತಿಳಿಯುವ ಹಕ್ಕು ಕೇಳುವವರಿಗಿದೆ. ಕಥೆಯ ಮಧ್ಯೆ ಅಂಕಿ ತುರುಕಬೇಡಿ, ಅಷ್ಟೇ. ಕಥೆ ಮುಗಿಯಲಿ, ಉಸಿರು ತೆಗೆದುಕೊಳ್ಳಿ, ಆಮೇಲೆ ಒಂದೇ ಒಂದು ಅಂಕಿ ಹೇಳಿ. ಅದನ್ನೂ ಕೈಗೆಟುಕುವ ಅಳತೆಗೆ ತನ್ನಿ. 'ಸಾವಿರಾರು ಜನ' ಎನ್ನುವುದಕ್ಕಿಂತ 'ಹನ್ನೆರಡು ಜನ ಬೇಕು' ಎಂದಾಗ ಕೇಳುವವರು ತಾವೂ ಅವರಲ್ಲಿ ಒಬ್ಬರಾಗಬಹುದು ಎಂದು ಯೋಚಿಸುತ್ತಾರೆ.

ಹಂತ 6: ನೀವೂ ಇಷ್ಟವಾಗಬೇಕು

ಕಥೆ ಎಷ್ಟೇ ಚೆನ್ನಾಗಿರಲಿ, ಹೇಳುವವರು ಹಿಡಿಸದಿದ್ದರೆ ಅದು ಒಳಗೆ ಇಳಿಯುವುದಿಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಇದನ್ನು ಹೇಳಿದ್ದ. ಕೇಳುವವರು ಮಾತುಗಾರನನ್ನು ನಂಬಲು ಅವನಲ್ಲಿ ಮೂರು ಗುಣ ಕಾಣಬೇಕು: ವಿವೇಕ, ಒಳ್ಳೆಯ ನಡತೆ, ಕೇಳುವವರ ಬಗ್ಗೆ ಒಳ್ಳೆಯ ಭಾವ. ನಾವು ಮೊದಲನೆಯದಕ್ಕೇ ಎಲ್ಲ ಶಕ್ತಿ ಹಾಕುತ್ತೇವೆ, ಅಲ್ವಾ? ಎಷ್ಟು ಓದಿದ್ದೇವೆ ಅಂತ ತೋರಿಸುವುದರಲ್ಲೇ ಸಮಯ ಹೋಗುತ್ತದೆ. ಮೂರನೆಯದು ಕಾಣಿಸದಿದ್ದರೆ ಮೊದಲನೆಯದು ಬರೀ ಜಂಬವಾಗಿ ಕಾಣುತ್ತದೆ.

ಒಳ್ಳೆಯ ಭಾವ ತೋರಿಸುವುದು ಹೇಗೆ? ಅದಕ್ಕೆ ಸಿಹಿ ಮಾತು ಬೇಕಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ. ಬಂದು ಕೂತವರ ಜೊತೆ ಮಾತನಾಡಿ. ಏನು ಮಾಡುತ್ತೀರಿ, ಈ ವಿಷಯದಲ್ಲಿ ನಿಮಗೆ ಕಷ್ಟ ಅನ್ನಿಸಿರುವುದು ಯಾವುದು ಅಂತ ಕೇಳಿ. ಉತ್ತರ ಬಂದ ಮೇಲೆ ಅದೇ ಎಳೆ ಹಿಡಿದು ಇನ್ನೊಂದು ಪ್ರಶ್ನೆ ಕೇಳಿ. 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಸಂಭಾಷಣೆಗಳನ್ನು ಪರಿಶೀಲಿಸಿದಾಗ ಕಂಡದ್ದು ಇದು: ಜಾಸ್ತಿ ಪ್ರಶ್ನೆ ಕೇಳುವವರು ಎದುರಿನವರಿಗೆ ಜಾಸ್ತಿ ಇಷ್ಟವಾಗುತ್ತಾರೆ. ಅದರಲ್ಲೂ ಹಿಂದಿನ ಉತ್ತರಕ್ಕೆ ಸಂಬಂಧಿಸಿದ ಮರುಪ್ರಶ್ನೆ ಕೇಳುವವರು. ಕಾರಣ ಸರಳ. ನೀವು ನಿಜವಾಗಿ ಕೇಳಿಸಿಕೊಂಡಿದ್ದರೆ ಮಾತ್ರ ಮರುಪ್ರಶ್ನೆ ಹುಟ್ಟುತ್ತದೆ. ಆಮೇಲೆ ವೇದಿಕೆಯ ಮೇಲೆ 'ಈಗ ತಾನೇ ಇಲ್ಲೊಬ್ಬರು ಒಂದು ಮಾತು ಹೇಳಿದರು' ಎಂದು ಶುರು ಮಾಡಿದರೆ ಇಡೀ ಸಭೆ ಹತ್ತಿರ ಬರುತ್ತದೆ. ಹೇಳಿದವರ ಒಪ್ಪಿಗೆ ಮೊದಲೇ ಕೇಳಿಟ್ಟುಕೊಳ್ಳಿ.

'ನಾನು ಇವರಿಗೆ ಹಿಡಿಸಲೇ ಇಲ್ಲವೇನೋ' ಎಂಬ ಅನುಮಾನ ಎಲ್ಲರನ್ನೂ ಕಾಡುತ್ತದೆ. ಅಪರಿಚಿತರು ಮಾತನಾಡಿದ ನಂತರ ತಾವು ಎದುರಿನವರಿಗೆ ಎಷ್ಟು ಇಷ್ಟವಾದೆವು ಎಂಬುದನ್ನು ಕಡಿಮೆಯಾಗಿ ಅಂದಾಜು ಮಾಡುತ್ತಾರೆ ಎಂದು 2018ರ ಒಂದು ಅಧ್ಯಯನ ತೋರಿಸಿದೆ. ನಿಮಗೆ ಅನ್ನಿಸಿದ್ದಕ್ಕಿಂತ ನೀವು ಜಾಸ್ತಿಯೇ ಇಷ್ಟವಾಗಿರುತ್ತೀರಿ. ಈ ಧೈರ್ಯ ಇಟ್ಟುಕೊಂಡು ಮಾತಿಗಿಳಿಯಿರಿ.

ಇನ್ನು ತಪ್ಪುಗಳ ವಿಷಯ. 1966ರಲ್ಲಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಒಬ್ಬ ರಸಪ್ರಶ್ನೆ ಸ್ಪರ್ಧಿಯ ಧ್ವನಿಮುದ್ರಣ ಕೇಳಿಸಿದರು. ಒಂದರಲ್ಲಿ ಆತ ಬಹುಪಾಲು ಪ್ರಶ್ನೆಗಳಿಗೆ ಸರಿಯುತ್ತರ ಹೇಳುತ್ತಾನೆ. ಇನ್ನೊಂದರಲ್ಲಿ ಆತ ಸಾಧಾರಣ. ಕೆಲವು ಮುದ್ರಣಗಳಲ್ಲಿ ಕೊನೆಗೆ ಆತ ಕಾಫಿ ಚೆಲ್ಲಿಕೊಳ್ಳುವುದು ಕೇಳಿಸುತ್ತದೆ. ಕಾಫಿ ಚೆಲ್ಲಿಕೊಂಡ ಬುದ್ಧಿವಂತ ಇನ್ನಷ್ಟು ಇಷ್ಟವಾದ. ಕಾಫಿ ಚೆಲ್ಲಿಕೊಂಡ ಸಾಧಾರಣನ ಮೇಲಿದ್ದ ಒಲವು ಇನ್ನೂ ಇಳಿಯಿತು. ಇದನ್ನು ಅರ್ಧ ಓದಿಕೊಂಡು 'ತಪ್ಪು ಮಾಡಿದರೆ ಜನ ಇಷ್ಟಪಡುತ್ತಾರೆ' ಎಂದು ಹೇಳಿಕೊಡುವವರಿದ್ದಾರೆ. ಅದು ಸರಿಯಲ್ಲ. ಮೊದಲು ಕೆಲಸ ಗಟ್ಟಿಯಾಗಿರಬೇಕು. ಆಮೇಲೆ ನಾಲಿಗೆ ತೊದಲಿದರೂ, ಹಾಳೆ ಕೆಳಗೆ ಬಿದ್ದರೂ ನೀವು ಇನ್ನಷ್ಟು ಹತ್ತಿರದವರಾಗಿ ಕಾಣುತ್ತೀರಿ. ಬೇಕೆಂದೇ ತಪ್ಪು ಮಾಡಬೇಡಿ. ತಯಾರಿಯಿಲ್ಲದೆ ಬಂದು 'ಏನು ಮಾತಾಡಬೇಕು ಅಂತಾನೇ ಗೊತ್ತಿಲ್ಲ' ಎಂದು ಶುರು ಮಾಡುವುದಂತೂ ಬೇಡ. ಸಮಯ ಕೊಟ್ಟು ಬಂದವರಿಗೆ ಅದು ಅವಮಾನ.

ಹಾಸ್ಯದ ಬಗ್ಗೆ ಒಂದೇ ನಿಯಮ. ಸಭೆಯಲ್ಲಿ ಯಾರೂ ತಲೆ ತಗ್ಗಿಸಬಾರದು. ಯಾರದ್ದೋ ರೂಪ, ಭಾಷೆ, ಊರು, ಜಾತಿ ಹಿಡಿದು ನಗಿಸಿದರೆ ನಗು ಬರಬಹುದು. ನಂಬಿಕೆ ಮಾತ್ರ ಅಲ್ಲಿಗೇ ಮುರಿಯುತ್ತದೆ.

ಹಂತ 7: ಬಾಯಿಬಿಟ್ಟು ಅಭ್ಯಾಸ ಮಾಡಿ

ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ಗಟ್ಟಿಯಾಗಿ ಹೇಳಿ. ಪದಪದ ಉರು ಹೊಡೆಯಬೇಡಿ. ಗಿಳಿಪಾಠ ಒಪ್ಪಿಸುವವರ ಕಣ್ಣು ಕೇಳುವವರ ಮೇಲಿರುವುದಿಲ್ಲ, ಮುಂದಿನ ಪದ ಹುಡುಕುತ್ತಿರುತ್ತದೆ. ಮೊದಲ ಎರಡು ಸಾಲು, ಕೊನೆಯ ಎರಡು ಸಾಲು ಮಾತ್ರ ಬಾಯಿಪಾಠ ಇರಲಿ. ನಡುವಿನದಕ್ಕೆ ಘಟನೆಗಳ ಕ್ರಮ ನೆನಪಿದ್ದರೆ ಸಾಕು: ಬೆಂಚು, ಫೋನ್, ಗಂಟೆ, ಬಾಗಿಲು. ಪ್ರತಿ ಸಲ ಪದಗಳು ಬೇರೆಯಾದರೆ ಆಗಲಿ, ಒಳ್ಳೆಯದೇ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. 'ಅಂದ್ರೆ', 'ಆ್ಯಕ್ಚುಲಿ', 'ಏನಂತಂದ್ರೆ' ಎಷ್ಟು ಸಲ ಬರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಅವು ಬರುವ ಜಾಗದಲ್ಲಿ ಸುಮ್ಮನಾಗುವುದನ್ನು ರೂಢಿ ಮಾಡಿಕೊಳ್ಳಿ. ಎರಡು ಸೆಕೆಂಡಿನ ಮೌನ ಹೇಳುವವರಿಗೆ ಯುಗದಷ್ಟು ಉದ್ದ ಅನ್ನಿಸುತ್ತದೆ. ಕೇಳುವವರಿಗೆ ಅದು ಕೇಳಿದ್ದನ್ನು ಒಳಗೆ ಇಳಿಸಿಕೊಳ್ಳುವ ಸಮಯ.

ಸಭಾಕಂಪ ಇರುವವರಿಗೆ ಎರಡು ವಿಷಯ ಹೇಳಬೇಕು. ನಿಮ್ಮ ಎದೆ ಹೊಡೆದುಕೊಳ್ಳುವುದು ಎದುರಿನವರಿಗೆ ನೀವು ಅಂದುಕೊಂಡಷ್ಟು ಕಾಣುವುದಿಲ್ಲ. 2003ರಲ್ಲಿ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಇದನ್ನು ಪರೀಕ್ಷಿಸಿದರು. ಈ ಸಂಗತಿಯನ್ನು ಮೊದಲೇ ತಿಳಿದುಕೊಂಡಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಎರಡನೆಯದು, 'ಸಮಾಧಾನ, ಸಮಾಧಾನ' ಎಂದು ಮನಸ್ಸನ್ನು ಒತ್ತಿ ಹಿಡಿಯುವುದಕ್ಕಿಂತ 'ನನಗೆ ಉತ್ಸಾಹ ಬಂದಿದೆ' ಎಂದು ಹೇಳಿಕೊಳ್ಳುವುದು ಒಳ್ಳೆಯದು. ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹೀಗೆ ಹೇಳಿಕೊಂಡವರ ಭಾಷಣ ಉತ್ತಮವಾಗಿತ್ತು. ದೇಹದಲ್ಲಿ ಭಯಕ್ಕೂ ಉತ್ಸಾಹಕ್ಕೂ ಒಂದೇ ಬಗೆಯ ಬಡಿತ. ಅದಕ್ಕೆ ಯಾವ ಹೆಸರಿಡುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ.

ಹಂತ 8: ವೇದಿಕೆಯ ಮೇಲೆ

ವಂದನೆ ಚಿಕ್ಕದಾಗಿರಲಿ. 'ಸಮಯ ಕಡಿಮೆ ಇದೆ, ಆದರೂ ಎರಡು ಮಾತು' ಎಂಬ ಪೀಠಿಕೆ ಬಿಡಿ. ನೇರವಾಗಿ ಕಥೆಯೊಳಗೆ ಇಳಿಯಿರಿ. 'ಪರೀಕ್ಷೆ ಹತ್ತು ಗಂಟೆಗೆ' ಎಂಬ ಸಾಲು ಕೇಳಿದ ಕೂಡಲೇ ಗುಸುಗುಸು ನಿಲ್ಲುತ್ತದೆ.

ಒಂದು ವಾಕ್ಯ ಪೂರ್ತಿ ಒಬ್ಬರ ಮುಖ ನೋಡಿ ಹೇಳಿ. ಮುಂದಿನ ವಾಕ್ಯ ಇನ್ನೊಬ್ಬರಿಗೆ. ಇಡೀ ಸಭೆಯ ಮೇಲೆ ಕಣ್ಣಾಡಿಸುತ್ತಾ ಹೋದರೆ ಯಾರನ್ನೂ ನೋಡಿದಂತಾಗುವುದಿಲ್ಲ. ತಲೆಯಾಡಿಸುವ ಒಬ್ಬರನ್ನೇ ನೋಡುತ್ತಾ ನಿಲ್ಲಬೇಡಿ. ಹಿಂದಿನ ಸಾಲಿನ ಮೂಲೆಯಲ್ಲಿ ಕೂತವರೂ ಬಂದಿರುವುದು ಕೇಳುವುದಕ್ಕೇ. ವಿಡಿಯೊ ಮಾಡುವವರು ಕ್ಯಾಮೆರಾದ ಹಿಂದೆ ಪರಿಚಯದ ಒಬ್ಬರನ್ನು ಕೂರಿಸಿಕೊಂಡು ಅವರಿಗೆ ಹೇಳಿದರೆ ಧ್ವನಿ ತಾನಾಗಿ ಸಹಜವಾಗುತ್ತದೆ.

ಮುಖಗಳನ್ನು ಓದುತ್ತಾ ಇರಿ. ಕುರ್ಚಿ ಸರಿಸುವ ಸದ್ದು, ಆಕಳಿಕೆ, ವಾಚ್ ನೋಡುವುದು ಜಾಸ್ತಿಯಾದರೆ ಧ್ವನಿ ಏರಿಸಬೇಡಿ. ಬದಲಿಗೆ ವಿವರಣೆ ಕತ್ತರಿಸಿ ಮುಂದಿನ ಕಥೆಗೆ ಹೋಗಿ. ಯಾವುದನ್ನು ಬಿಡಬಹುದು ಎಂದು ಮನೆಯಲ್ಲೇ ಗುರುತು ಹಾಕಿಟ್ಟುಕೊಂಡಿರಬೇಕು.

ತಯಾರಿ ಮಾಡಿದ್ದನ್ನು ಬಿಟ್ಟುಕೊಡುವ ಧೈರ್ಯಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರೆದು ತಂದ ಭಾಷಣ ಓದುತ್ತಿದ್ದರು. ಅದರಲ್ಲಿ 'ನನಗೊಂದು ಕನಸಿದೆ' ಎಂಬ ಮಾತು ಇರಲಿಲ್ಲ. ಹತ್ತಿರದಲ್ಲಿದ್ದ ಗಾಯಕಿ ಮಹಲಿಯಾ ಜಾಕ್ಸನ್ 'ಆ ಕನಸಿನ ಬಗ್ಗೆ ಅವರಿಗೆ ಹೇಳಿ' ಎಂದು ಕೂಗಿದರು. ಕಿಂಗ್ ಹಾಳೆ ಬದಿಗಿಟ್ಟು ಎದುರಿದ್ದ ಜನರನ್ನು ನೋಡಿ ಮಾತು ಮುಂದುವರಿಸಿದರು. ಜಗತ್ತು ಇಂದಿಗೂ ನೆನಪಿಟ್ಟುಕೊಂಡಿರುವುದು ಆ ಭಾಗವನ್ನೇ. ಅದು ಆ ಗಳಿಗೆಯಲ್ಲಿ ಶೂನ್ಯದಿಂದ ಬಂದದ್ದೇನಲ್ಲ. ಆ ಮಾತುಗಳನ್ನು ಅವರು ಮೊದಲೂ ಬೇರೆ ಸಭೆಗಳಲ್ಲಿ ಹೇಳಿ ಪಳಗಿದ್ದರು. ನೋಟ್‌ಬುಕ್ಕಿನಲ್ಲಿ ಕಥೆಗಳನ್ನು ಕೂಡಿಡಿ ಅಂದದ್ದು ಇದಕ್ಕೇ.

ಹಂತ 9: ಮುಗಿಸುವುದು, ಆಮೇಲೆ

ಕೊಟ್ಟ ಸಮಯಕ್ಕಿಂತ ಒಂದೆರಡು ನಿಮಿಷ ಮೊದಲೇ ನಿಲ್ಲಿಸಿ. 'ಕೊನೆಯದಾಗಿ' ಎಂದು ಒಂದೇ ಸಲ ಹೇಳಿ. ಪ್ರಶ್ನೋತ್ತರ ಇದ್ದರೆ ಅದನ್ನು ಮುಗಿಸಿ, ಕೊನೆಯ ಎರಡು ಸಾಲು ನಿಮ್ಮದಾಗಿರಲಿ. ಇಲ್ಲದಿದ್ದರೆ ಯಾರೋ ಕೇಳಿದ ಅಡ್ಡ ಪ್ರಶ್ನೆಯೇ ಜನರ ಜೊತೆ ಮನೆಗೆ ಹೋಗುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ನೋಡಿ ತಿಳಿಸುತ್ತೇನೆ' ಎನ್ನಿ. ತಪ್ಪದೆ ತಿಳಿಸಿ.

ಮಾತು ಮುಗಿಸಿ ಕಾರು ಹತ್ತಿ ಹೊರಟುಬಿಡಬೇಡಿ. ಹತ್ತು ನಿಮಿಷ ಬಾಗಿಲ ಬಳಿ ನಿಲ್ಲಿ. ಸಭೆಯಲ್ಲಿ ಕೈಯೆತ್ತಲು ನಾಚಿಕೊಂಡವರು ಆಗ ಬರುತ್ತಾರೆ. ಅವರು ತಮ್ಮ ಕಥೆ ಹೇಳುತ್ತಾರೆ. ನಿಮ್ಮ ಮುಂದಿನ ಭಾಷಣದ ಸರಕು ಅಲ್ಲೇ ಸಿಗುವುದೂ ಉಂಟು.

ಮಾರನೆಯ ದಿನ ಸಭೆಯಲ್ಲಿದ್ದ ಒಬ್ಬರಿಗೆ ಫೋನ್ ಮಾಡಿ. 'ಭಾಷಣ ಹೇಗಿತ್ತು' ಅಂತ ಕೇಳಿದರೆ 'ಚೆನ್ನಾಗಿತ್ತು' ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. 'ಬಾರದಿದ್ದವರಿಗೆ ನೀವು ಏನಂತ ಹೇಳುತ್ತೀರಿ' ಅಂತ ಕೇಳಿ. ಕಥೆ ಹೇಳಿ ಕೋರಿಕೆ ಮರೆತಿದ್ದರೆ ಎರಡರ ನಡುವಿನ ಕೊಂಡಿ ಸಡಿಲವಾಗಿದೆ, ಅಲ್ಲಿ ತಿದ್ದಿ. ಕೋರಿಕೆ ಹೇಳಿ ಕಥೆ ಮರೆತಿದ್ದರೆ ಕಥೆಯಲ್ಲಿ ಮನುಷ್ಯ ಕಂಡಿಲ್ಲ, ಹಂತ 4ಕ್ಕೆ ಹಿಂದಿರುಗಿ. ಎರಡನ್ನೂ ಹೇಳಿ, ನೀವು ಹೇಳದ ಒಂದು ವಿವರವನ್ನೂ ತಾವಾಗಿ ಸೇರಿಸಿ ಹೇಳಿದರೆ ಆ ಕಥೆಯನ್ನು ಹಾಗೇ ಇಟ್ಟುಕೊಳ್ಳಿ. ಮುಂದಿನ ಸಭೆಯಲ್ಲೂ ಅದನ್ನೇ ಹೇಳಿ.